ಆಟದ ಬಯಲಿಗೆ ಕೆರೆಯೇ ಆಗಬೇಕೇ?

ಹುಡುಗರಿಗೆ ಆಡೋಕೆ ಒಂದಿಷ್ಟು ಜಾಗ ಕೊಡಿ ಸ್ವಾಮಿ ಅಂತ ಯಾರಾದರೂ ಪಂಚಾಯ್ತಿ ಮೆಟ್ಟಿಲು ಹತ್ತಿದರೆ ನಮ್ಮ ಸೀಮೆಯಲ್ಲಿ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: “ಕೆರೆಯಂಗಳ ಖಾಲಿ ಬಿದ್ದೈತಲ್ಲಪ್ಪಾ, ಜಾಲಿ ಕಡಿಸಿಕೊಂಡು ಆಡ್ರಿ.” ಹೇಳಿದವರಿಗೆ ಕೆಲಸ ಮುಗಿಯಿತು. ಕೇಳಿದವರಿಗೂ ಏನೋ ಸಿಕ್ಕಂತಾಯಿತು. ಐಮಂಗಲದ ಬಸ್ ನಿಲ್ದಾಣದಲ್ಲಿ ನಿಂತು ಹತ್ತು ನಿಮಿಷ ಮಾತಾಡಿಸಿ ನೋಡಿ, ಹತ್ತರಲ್ಲಿ ಆರು ಮಂದಿ ಇದನ್ನೇ ಹೇಳುತ್ತಾರೆ. ನೀರಿಲ್ಲದ ಕೆರೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಅಂತ.

ಬೇಸಿಗೆಯಲ್ಲಿ ಕೆರೆಯಂಗಳದಲ್ಲಿ ಹುಡುಗರು ಆಡೋದು ಇವತ್ತಿನದಲ್ಲ. ನೀರು ಬಂದಾಗ ಎದ್ದು ಹೋಗುತ್ತಾರೆ, ಒಣಗಿದಾಗ ಮತ್ತೆ ಬರುತ್ತಾರೆ. ಅದಕ್ಕೆ ಯಾರ ತಕರಾರೂ ಇಲ್ಲ. ತಕರಾರು ಇರೋದು ಅದರ ಮುಂದಿನ ಹೆಜ್ಜೆಗೆ. ಇವತ್ತು ಎರಡು ಗೋಲುಕಂಬ, ಬರುವ ವರ್ಷ ಕಾಂಪೌಂಡು, ಅದರ ಮಾರನೆ ವರ್ಷ ಗ್ಯಾಲರಿಗೆ ಗುದ್ದಲಿ ಪೂಜೆ. ಗ್ಯಾಲರಿ ಎದ್ದ ಮೇಲೆ ನೀರು ಬಂದರೆ ನೀರಿನದೇ ತಪ್ಪು ಅನ್ನುತ್ತಾರೆ, ಏರಿ ಒಡೆದು ನೀರು ಬಿಡಿ ಅನ್ನುತ್ತಾರೆ. ಇದು ನಮ್ಮ ಕಲ್ಪನೆಯಲ್ಲ. ಇಲ್ಲಿಂದ ಹೆದ್ದಾರಿಯಲ್ಲಿ ನೇರ ಹೋದರೆ ಸಿಗುವ ರಾಜಧಾನಿಯಲ್ಲಿ ಕೆರೆ ಮೈದಾನವಾದದ್ದು ಒಂದು ಸಲವಲ್ಲ, ಹಲವು ಸಲ. ಅದರ ಕತೆ ಗೊತ್ತಿದ್ದರೆ ಪಂಚಾಯ್ತಿಯ ಆ ಸಲೀಸು ಉತ್ತರವನ್ನು ನಾವು ಅಷ್ಟು ಸಲೀಸಾಗಿ ಒಪ್ಪಿಕೊಂಡು ಬರೋದಿಲ್ಲ.

ಬೆಂಗಳೂರಿಗೆ ಹೋಗಿಬರುವ ನಮ್ಮ ಜನ ಇಳಿಯುವುದು ಮೆಜೆಸ್ಟಿಕ್‌ನಲ್ಲಿ. ಕೆಂಪೇಗೌಡ ಬಸ್ ನಿಲ್ದಾಣ ಅಂತ ಬೋರ್ಡಿದೆ. ಅದು ಧರ್ಮಾಂಬುಧಿ ಕೆರೆ. ಅಲ್ಲಿಂದ ಶಾಂತಿನಗರದ ಕಡೆ ಹೋದರೆ ಹಾಕಿ ಮೈದಾನ ಸಿಗುತ್ತದೆ. ಅದು ಅಕ್ಕಿತಿಮ್ಮನಹಳ್ಳಿ ಕೆರೆ. ಅಶೋಕನಗರದಲ್ಲಿ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂ ಇದೆ; ಅದು ಶೂಲೆ ಕೆರೆ. ಕಾರ್ಪೊರೇಷನ್ ಪಕ್ಕದ ಕಂಠೀರವ ಕ್ರೀಡಾಂಗಣ ನೋಡದ ಕನ್ನಡಿಗರಿಲ್ಲ, ಟೀವಿಯಲ್ಲಾದರೂ ನೋಡಿರುತ್ತಾರೆ. ಅದು ಸಂಪಂಗಿ ಕೆರೆ. ದೊಡ್ಡ ಮನುಷ್ಯರು ಗಾಲ್ಫ್ ಆಡುವ ಬಯಲೂ ಒಂದು ಕಾಲಕ್ಕೆ ಚಲ್ಲಘಟ್ಟ ಕೆರೆಯೇ. ಲೆಕ್ಕ ಹಾಕುತ್ತಾ ಹೋದರೆ ಊರಿನ ಆಟವೆಲ್ಲ ನೀರಿನ ಮೇಲೇ ನಡೆದಿದೆ.

ಕಾಲ್ಚೆಂಡಿನ ಮಾತನ್ನು ಮೊದಲು ಮುಗಿಸೋಣ. ಬೆಂಗಳೂರಿಗೆ ಈ ಆಟ ಬಂದದ್ದು ದಂಡಿನ ಜೊತೆ. 1809ರಲ್ಲಿ ಬ್ರಿಟಿಷರು ಹಲಸೂರಿನ ಆಸುಪಾಸು ದಂಡು ಇಳಿಸಿದರು. ಸೋಲ್ಜರುಗಳು ಸಂಜೆ ಹೊತ್ತು ಚೆಂಡು ಒದೆಯೋದನ್ನು ಬೇಲಿಯಾಚೆ ನಿಂತು ನೋಡಿದ ನಮ್ಮ ಹುಡುಗರು ಬರಿಗಾಲಿನಲ್ಲೇ ಕಲಿತರು. ಹಲಸೂರು, ಆಸ್ಟಿನ್ ಟೌನ್, ಶಿವಾಜಿನಗರದ ಸಂದಿಗೊಂದಿಗಳಲ್ಲಿ ಬೆಳೆದ ಆಟ ಅದು. ಕಾಸಿಲ್ಲದವರ ಆಟ. ಒಂದು ಚೆಂಡು ಇದ್ದರೆ ಇಪ್ಪತ್ತೆರಡು ಮಂದಿಗೆ ಸಾಕು.

ಆ ಬರಿಗಾಲು ಹುಡುಗರು ಎಲ್ಲಿಗಂಟ ಹೋದರು ಅಂತೀರಿ? ಬೊಂಬಾಯಿಯ ರೋವರ್ಸ್ ಕಪ್ 1891ರಲ್ಲಿ ಶುರುವಾದಾಗಿನಿಂದ ಪಟಾಲಮ್ಮಿನವರ ಮನೆಯ ಆಸ್ತಿಯಾಗಿತ್ತು. ಅದನ್ನು ಅವರ ಕೈಯಿಂದ ಮೊಟ್ಟಮೊದಲು ಕಿತ್ತುಕೊಂಡ ದೇಶೀ ತಂಡ ಬೆಂಗಳೂರು ಮುಸ್ಲಿಮ್ಸ್, 1937ರಲ್ಲಿ. ಮುಂದಿನ ವರ್ಷವೂ ಅವರೇ ಗೆದ್ದರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತ ಫ್ರಾನ್ಸ್ ವಿರುದ್ಧ 2–1ರಲ್ಲಿ ಸೋತಿತು. ಆ ಒಂದು ಗೋಲು ಹೊಡೆದವರು ಸಾರಂಗಪಾಣಿ ರಾಮನ್. ತಂಡದ ಹೆಚ್ಚಿನವರು ಬೂಟಿಲ್ಲದೆ ಆಡಿದರು. ಸಿಕ್ಕ ಎರಡು ಪೆನಾಲ್ಟಿ ಕೈತಪ್ಪಿದವು, ಇಲ್ಲದಿದ್ದರೆ ಕತೆಯೇ ಬೇರೆ. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲಿನ ‘ಪಂಚಪಾಂಡವ’ರಲ್ಲಿ ಒಬ್ಬರಾದರು. ಅವರನ್ನು ಅಲ್ಲಿನ ಜನ ತಲೆ ಮೇಲೆ ಹೊತ್ತುಕೊಂಡು ಮೆರೆಸಿದರು. 2017ರಲ್ಲಿ ಅವರು ತೀರಿಕೊಂಡಾಗ ನಮ್ಮ ಎಷ್ಟು ಪತ್ರಿಕೆಗಳು ನಾಲ್ಕು ಸಾಲು ಬರೆದವು ಅನ್ನೋದನ್ನು ಕೇಳಬೇಡಿ.

ರಾಜ್ಯ ರಾಜ್ಯಗಳ ನಡುವೆ ನಡೆಯುವ ಸಂತೋಷ್ ಟ್ರೋಫಿಯನ್ನು ಮೈಸೂರು 1946–47ರಲ್ಲಿ, 1952–53ರಲ್ಲಿ, ಆಮೇಲೆ 1967–68 ಮತ್ತು 1968–69ರಲ್ಲಿ ಸತತವಾಗಿ ಗೆದ್ದಿತು. ನಾಲ್ಕು ಸಲವೂ ಫೈನಲ್ಲಿನಲ್ಲಿ ಎದುರಿಗಿದ್ದದ್ದು ಬಂಗಾಳ. ಅದಾದ ಮೇಲೆ ನಿದ್ದೆ. 1973ರಲ್ಲಿ ಮೈಸೂರು ಹೋಗಿ ಕರ್ನಾಟಕ ಬಂತು, ಕಪ್ ಮಾತ್ರ ಬರಲಿಲ್ಲ. ಅದು ಬಂದದ್ದು 2023ರ ಮಾರ್ಚಿಯಲ್ಲಿ, 54 ವರ್ಷದ ಮೇಲೆ, ಸೌದಿ ಅರೇಬಿಯಾದ ರಿಯಾದಿನಲ್ಲಿ ಮೇಘಾಲಯವನ್ನು 3–2ರಲ್ಲಿ ಸೋಲಿಸಿ.

ಇಷ್ಟು ದೊಡ್ಡ ಆಟಕ್ಕೆ ಸ್ವಂತ ಮನೆ ಅಂತ ಸಿಕ್ಕಿದ್ದು ಅಶೋಕನಗರದ ಸ್ಟೇಡಿಯಂ. ರಾಜ್ಯ ಫುಟ್‌ಬಾಲ್ ಸಂಸ್ಥೆಯ ಕಚೇರಿ ಅಲ್ಲೇ. ಎಚ್‌ಎಎಲ್, ಐಟಿಐ ಮುಂತಾದ ಕಾರ್ಖಾನೆಗಳ ತಂಡಗಳು, ಬೀದಿ ಬೀದಿಯ ಕ್ಲಬ್ಬುಗಳು ಲೀಗ್ ಆಡಿದ್ದು ಅಲ್ಲೇ. ಶಿಫ್ಟು ಮುಗಿಸಿ ಟಿಫನ್ ಡಬ್ಬಿ ಸಮೇತ ಗ್ಯಾಲರಿಗೆ ಬರುವ ಕಾರ್ಮಿಕರ ಮೈದಾನ ಅದು. 2013ರ ಸೆಪ್ಟೆಂಬರ್ 22ರಂದು ಬೆಂಗಳೂರು ಎಫ್‌ಸಿ ಅನ್ನುವ ಹೊಸ ತಂಡ ತನ್ನ ಮೊದಲ ಲೀಗ್ ಪಂದ್ಯವನ್ನು ಮೋಹನ್ ಬಾಗಾನ್ ಎದುರು ಅಲ್ಲೇ ಆಡಿ 1–1ರಲ್ಲಿ ಸಮ ಮಾಡಿಕೊಂಡಿತು. ಮೊದಲ ವರ್ಷವೇ ಐ–ಲೀಗ್ ಗೆದ್ದಿತು. ಗೆದ್ದ ಮೇಲೆ ಮನೆ ಬದಲಾಯಿಸಿ ಕಂಠೀರವಕ್ಕೆ ಹೋಯಿತು. ಶೂಲೆ ಕೆರೆಯಿಂದ ಎದ್ದು ಸಂಪಂಗಿ ಕೆರೆಗೆ ಹೋಯಿತು ಅಂದರೂ ಸರಿಯೇ.

ಶೂಲೆ ಕೆರೆಯ ಕತೆ ಹೇಳುವವರು ಕಡಿಮೆ. ಸಂಪಂಗಿಯದು ಹಾಗಲ್ಲ. ಅದು ಸತ್ತ ರೀತಿ ಕೆರೆ ಇರುವ ಪ್ರತಿ ಊರಿನವರೂ ತಿಳಿದಿರಬೇಕಾದದ್ದು.

ಒಂದು ಕಡೆ ಹಳೇ ಪೇಟೆ, ಇನ್ನೊಂದು ಕಡೆ ಬ್ರಿಟಿಷರ ದಂಡು, ನಡುವೆ ಸಂಪಂಗಿ ಕೆರೆ. ದಂಡಿನವರಿಗೆ ಕುಡಿಯುವ ನೀರು ಅದರಿಂದ ಹೋಗುತ್ತಿತ್ತು. ಕೆರೆ ಕೆಳಗೆ ತಿಗಳರ ತೋಟಗಳು. ಸೊಪ್ಪು, ತರಕಾರಿ, ಹೂವು. ಪೇಟೆಗೆ ಬೆಳಗಿನ ಹೊತ್ತು ಬುಟ್ಟಿಯಲ್ಲಿ ಬರುತ್ತಿದ್ದದ್ದು ಆ ನೀರಿನಲ್ಲಿ ಬೆಳೆದದ್ದು. ಅಂದರೆ ಅದು ಹಿರಿಯೂರು ಕಡೆಯ ಯಾವುದೇ ಕೆರೆಯ ಹಾಗೇ: ಏರಿ, ತೂಬು, ಕೋಡಿ, ಕೆಳಗೆ ಅಚ್ಚುಕಟ್ಟು.

ಊರು ಬೆಳೆಯಿತು. ಮನೆ ಬಂತು, ರಸ್ತೆ ಬಂತು, ಕೆರೆಗೆ ನೀರು ತರುವ ಹಳ್ಳಕಾಲುವೆಗಳಿಗೆ ಅಡ್ಡ ಬಂತು. ಬಚ್ಚಲು ನೀರು ಕೆರೆಗೆ ಸೇರಿತು. ನೀರು ಕೆಟ್ಟಿತು ಅಂತ ದೂರು ಶುರುವಾಯಿತು. ಕೆಡಿಸಿದವರು ಯಾರು ಅಂತ ಕೇಳಿದವರಿಲ್ಲ. 1896ರ ಹೊತ್ತಿಗೆ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು. ಅಲ್ಲಿಗೆ ಸಂಪಂಗಿಯ ಹಣೆಬರಹ ಬರೆದಾಯಿತು. ಮನೆ ಬಾಗಿಲಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುವಾಗ ಊರ ನಡುವಿನ ಕೆರೆ ಯಾಕೆ? ಸೊಳ್ಳೆ, ವಾಸನೆ, ಮಲೇರಿಯಾ. ದೊಡ್ಡ ಜನರ ಕಣ್ಣಿಗೆ ಅದು ನೀರಾಗಿ ಕಾಣಲಿಲ್ಲ, ಸೈಟಾಗಿ ಕಂಡಿತು. ಕೆರೆ ತುಂಬಲಿ, ತೋಟಕ್ಕೆ ನೀರು ಬೇಕು ಅಂತ ತಿಗಳರು ಹೇಳುತ್ತಿದ್ದರು. ಕೆರೆ ಒಣಗಿರಲಿ, ಕುದುರೆ ಮೇಲೆ ಕೂತು ಪೋಲೋ ಆಡಬೇಕು ಅಂತ ಇನ್ನೊಂದು ಗುಂಪು ಹೇಳುತ್ತಿತ್ತು. ಯಾರ ಮಾತು ನಡೆಯಿತು ಅಂತ ನಾವು ಬಿಡಿಸಿ ಹೇಳಬೇಕೇ?

ಗಮನಿಸಬೇಕಾದ್ದು ಇಲ್ಲಿದೆ. ಯಾರೂ ಒಂದು ದಿನ ಬಂದು ಕೆರೆ ಮುಚ್ಚಿ ಅಂತ ಆರ್ಡರು ಹೊರಡಿಸಲಿಲ್ಲ. ಮೊದಲು ನೀರಿನ ದಾರಿ ತಪ್ಪಿಸಿದರು. ಆಮೇಲೆ ನೀರು ಬರೋದಿಲ್ಲ ಅಂದರು. ನೀರು ಬರದ ಮೇಲೆ ಒಣಗಿದ ನೆಲ ಅಂದರು. ಒಣಗಿದ ನೆಲದಲ್ಲಿ ಆಟ ಆಡಿದರು. ಆಟ ಆಡಿದ ಮೇಲೆ ಆಟದ ಬಯಲು ಅಂತ ಹೆಸರಿಟ್ಟರು. ಸ್ವಾತಂತ್ರ್ಯ ಬರುವ ಹೊತ್ತಿಗೆ ಸಂಪಂಗಿ ಕೆರೆ ಅನ್ನೋದು ಬಾಯಿಮಾತಿನಲ್ಲಿ ಮಾತ್ರ ಉಳಿದಿತ್ತು. ಕೊನೆಗೆ ಅದರ ಮೇಲೆ ಕಂಠೀರವ ಕ್ರೀಡಾಂಗಣ ಎದ್ದಿತು. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಅದನ್ನು ಹೊಸದಾಗಿ ಸಿಂಗರಿಸಿದರು. (ಅದೇ ವರ್ಷ ದಾವಣಗೆರೆ ನಮ್ಮ ಜಿಲ್ಲೆಯಿಂದ ಬೇರೆಯಾಯಿತು. ಅದರ ಹೊಟ್ಟೆಯುರಿ ಇವತ್ತಿಗೂ ಕೆಲವರಿಗೆ ಇಳಿದಿಲ್ಲ, ಆ ಮಾತು ಇನ್ನೊಂದು ದಿನಕ್ಕಿರಲಿ.)

ಕೆರೆಯಲ್ಲಿ ಏನೂ ಉಳಿಯಲಿಲ್ಲವೇ ಅಂದರೆ, ಉಳಿಯಿತು. ಒಂದು ಸಣ್ಣ ಕುಂಟೆ. ಬೆಂಗಳೂರು ಕರಗದ ವಿಧಿಗಳಿಗೆ ಸಂಪಂಗಿಯ ನೀರು ಬೇಕೇ ಬೇಕು. ಕರಗ ಹೊರುವ ವಹ್ನಿಕುಲದವರು, ಅಂದರೆ ಅದೇ ತೋಟದ ತಿಗಳರು, ಪಟ್ಟು ಹಿಡಿದು ಅಷ್ಟನ್ನಾದರೂ ಉಳಿಸಿಕೊಂಡರು. ಅಷ್ಟಗಲ ಕೆರೆಯಲ್ಲಿ ದೇವರ ಹೆಸರಿನಲ್ಲಿ ಕೇಳಿದ್ದಕ್ಕೆ ಒಂದು ಕುಂಟೆ ಸಿಕ್ಕಿತು. ಅನ್ನದ ಹೆಸರಿನಲ್ಲಿ ಕೇಳಿದ್ದಕ್ಕೆ ಏನೂ ಸಿಗಲಿಲ್ಲ.

ಸರಿ, ಕೆರೆ ಹೋಯಿತು, ಮೈದಾನ ಬಂತು. ಆಡುವ ಹುಡುಗನಿಗೆ ಮೈದಾನ ದಕ್ಕಿತೇ? ಇದು ಎರಡನೇ ಪ್ರಶ್ನೆ, ಮೊದಲನೆಯದಕ್ಕಿಂತ ಇದು ಕಹಿ.

ಕಂಠೀರವದಲ್ಲಿ ದೊಡ್ಡ ದಿನಗಳು ನಡೆದಿಲ್ಲ ಅಂತಲ್ಲ. 2016ರ ಅಕ್ಟೋಬರಿನಲ್ಲಿ ಬೆಂಗಳೂರು ಎಫ್‌ಸಿ ಮಲೇಷ್ಯಾದ ಜೊಹೊರ್ ತಂಡವನ್ನು ಅಲ್ಲೇ 3–1ರಲ್ಲಿ ಮಣ್ಣು ಮುಕ್ಕಿಸಿ ಎಎಫ್‌ಸಿ ಕಪ್ ಫೈನಲ್ಲಿಗೆ ಹೋಯಿತು. ಭಾರತದ ಒಂದು ಕ್ಲಬ್ಬು ಆ ಮಟ್ಟ ಮುಟ್ಟಿದ್ದು ಅದೇ ಮೊದಲು. ಫೈನಲ್ಲಿನಲ್ಲಿ ದೋಹಾದಲ್ಲಿ ಇರಾಕಿನ ತಂಡಕ್ಕೆ ಒಂದು ಗೋಲಿನಿಂದ ಸೋತದ್ದು ಬೇರೆ ಮಾತು. 2023ರ ಜುಲೈ 4ರಂದು ಸ್ಯಾಫ್ ಫೈನಲ್ಲಿನಲ್ಲಿ ಸುನಿಲ್ ಚೆಟ್ರಿಯ ಭಾರತ ಕುವೈತನ್ನು ಪೆನಾಲ್ಟಿಯಲ್ಲಿ ಸೋಲಿಸಿದಾಗ ಇಡೀ ಗ್ಯಾಲರಿ ಎದ್ದು ನಿಂತು ಹಾಡಿತು. 2025ರ ಜುಲೈಯಲ್ಲಿ ನೀರಜ್ ಚೋಪ್ರಾ ಅಲ್ಲಿ ಜಾವೆಲಿನ್ ಎಸೆದು ಗೆದ್ದ. ಕ್ರಿಕೆಟ್ ಅಲ್ಲದ ಆಟಕ್ಕೂ ನಮ್ಮ ಜನ ಟಿಕೆಟ್ ಕೊಂಡು ಹೋಗುತ್ತಾರೆ ಅಂತ ತೋರಿಸಿದ ಮೈದಾನ ಅದು. ಇದನ್ನು ಅಲ್ಲಗಳೆಯುವವರು ಯಾರು?

ಆದರೆ ನಮ್ಮ ಅಂಗಡಿ ಬೀದಿಯಲ್ಲಿ ಕಂಠೀರವ ಅಂದರೆ ಜನಕ್ಕೆ ನೆನಪಾಗೋದು ಆಟವಲ್ಲ. 2006ರ ಏಪ್ರಿಲಿನಲ್ಲಿ ಡಾ. ರಾಜ್‌ಕುಮಾರ್ ಅವರನ್ನು ಕೊನೇ ಸಲ ಮಲಗಿಸಿದ್ದು ಅಲ್ಲಿ. 2021ರ ಅಕ್ಟೋಬರಿನಲ್ಲಿ ಅಪ್ಪು ಮುಖ ನೋಡಲು ರಾತ್ರಿಯಿಡೀ ಜನ ಸಾಲುಗಟ್ಟಿದ್ದು ಅಲ್ಲಿ. (ಮಣ್ಣು ಮಾಡಿದ್ದು ಕಂಠೀರವ ಸ್ಟುಡಿಯೋದಲ್ಲಿ. ಸ್ಟುಡಿಯೋ ಬೇರೆ, ಸ್ಟೇಡಿಯಂ ಬೇರೆ. ನಮ್ಮವರು ಎರಡನ್ನೂ ಒಂದೇ ಮಾಡಿಬಿಡುತ್ತಾರೆ.) 2013ರಲ್ಲಿ ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾಗಿ ಪ್ರಮಾಣ ಮಾಡಿದ್ದು ಅಲ್ಲಿ, 2023ರ ಮೇ 20ರಂದು ಮತ್ತೊಮ್ಮೆ ಮಾಡಿದ್ದೂ ಅಲ್ಲೇ. ಊರಿಗೆ ದುಃಖ ಬಂದರೂ ಅದೇ ಮೈದಾನ, ಸರ್ಕಾರ ಬಂದರೂ ಅದೇ ಮೈದಾನ.

ಜನ ಸೇರೋದು ತಪ್ಪು ಅಂತ ನಾವು ಹೇಳಿಲ್ಲ. ಅಣ್ಣಾವ್ರಿಗೆ ಅಷ್ಟು ಜಾಗ ಬೇಡವೇ? ನಮ್ಮ ಮಾತು ಇಷ್ಟೇ: ಆಟಕ್ಕೆ ಅಂತ ಕೆರೆ ಕೊಟ್ಟಿರಿ, ಕೊಟ್ಟ ಮೇಲಾದರೂ ಬೆಳಿಗ್ಗೆ ಐದಕ್ಕೆ ಎದ್ದು ಓಡುವ ಹುಡುಗಿಗೆ ಗೇಟು ತೆಗೆದಿರಲಿ. ಅಲ್ಲಿ ಅದೂ ಜಗಳವಾಯಿತು. ಫುಟ್‌ಬಾಲ್ ಪಂದ್ಯದ ದಿನ ಓಟದ ಟ್ರ್ಯಾಕು ನಮಗಿಲ್ಲ ಅಂತ ಅಥ್ಲೀಟುಗಳು, ಅವರ ಕೋಚುಗಳು ತಕರಾರು ತೆಗೆದರು. ವ್ಯಾಜ್ಯ ಹೈಕೋರ್ಟಿಗೂ ಹೋಯಿತು. ಒಂದೇ ಮೈದಾನ, ಎರಡು ಆಟ, ಇಬ್ಬರಿಗೂ ಬೇರೆ ಜಾಗವಿಲ್ಲ. ಊರ ತುಂಬ ಕೆರೆ ಮುಚ್ಚಿ ಮೈದಾನ ಮಾಡಿದ ಊರಿನಲ್ಲಿ ಆಟಗಾರರು ಜಾಗಕ್ಕಾಗಿ ಕೋರ್ಟಿನಲ್ಲಿ ಕೈಕಟ್ಟಿ ನಿಂತರು. ಯಾಕೆ? ಕೆರೆ ನುಂಗಿದ್ದರಲ್ಲಿ ಮೈದಾನಕ್ಕೆ ಸಿಕ್ಕಿದ್ದು ಚೂರು. ಮಿಕ್ಕದ್ದೆಲ್ಲ ಬಡಾವಣೆ, ಬಸ್ ನಿಲ್ದಾಣ, ಮಾರುಕಟ್ಟೆ, ಕಚೇರಿ. ಆಟದ ಹೆಸರು ಹೇಳಿದರೆ ಯಾರೂ ಬೇಡ ಅನ್ನೋದಿಲ್ಲವಲ್ಲ!

1985ರಲ್ಲಿ ಸರ್ಕಾರಕ್ಕೆ ತಡವಾಗಿ ಎಚ್ಚರವಾಗಿ, ಎನ್. ಲಕ್ಷ್ಮಣರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಕೆರೆಗಳಿಗಾಗಿ ಒಂದು ಸಮಿತಿ ಮಾಡಿತು. ಇನ್ನು ಮೇಲೆ ಕೆರೆ ಒಡೆಯಬೇಡಿ, ಇದ್ದದ್ದನ್ನು ಉಳಿಸಿ ಅಂತ ಆ ಸಮಿತಿ ಹೇಳಿತು. ಹೇಳುವ ಹೊತ್ತಿಗೆ ಊರ ನಡುವಿನವು ಮುಗಿದುಹೋಗಿದ್ದವು.

ಮುಗಿದದ್ದರ ಬಿಲ್ಲು ಯಾರು ಕಟ್ಟುತ್ತಿದ್ದಾರೆ? ಬೆಂಗಳೂರಿಗೆ ಈಗ ನೀರು ಬರೋದು ನೂರು ಕಿಲೋಮೀಟರ್ ದೂರದ ಕಾವೇರಿಯಿಂದ, ತೊರೆಕಾಡನಹಳ್ಳಿಯಲ್ಲಿ ಪಂಪು ಹೂಡಿ ಬೆಟ್ಟ ಹತ್ತಿಸಿದ ಹಾಗೆ ಹತ್ತಿಸಿ. 2024ರ ಬೇಸಿಗೆಯಲ್ಲಿ ಅಲ್ಲಿ ಸಾವಿರಾರು ಕೊಳವೆಬಾವಿ ಬತ್ತಿದವು, ಟ್ಯಾಂಕರಿನವರು ಹೇಳಿದ್ದೇ ರೇಟಾಯಿತು. ಚಿನ್ನಸ್ವಾಮಿ ಕ್ರಿಕೆಟ್ ಮೈದಾನದ ಹುಲ್ಲಿಗೆ ಬಚ್ಚಲು ನೀರನ್ನೇ ಶುದ್ಧಿ ಮಾಡಿ ಹಾಕಬೇಕಾಯಿತು. ನೀರಿದ್ದ ಜಾಗದಲ್ಲಿ ಹುಲ್ಲು ಬೆಳೆಸಿದ ಊರು, ಈಗ ಹುಲ್ಲಿಗೆ ನೀರು ಹುಡುಕುತ್ತಿದೆ.

ಇನ್ನು ನಮ್ಮ ಊರಿಗೆ ಬರೋಣ.

“ಅಯ್ಯೋ ಬಿಡ್ರಿ, ಬೆಂಗಳೂರಿಗೆ ಮಳೆ ಬರುತ್ತೆ, ನಮ್ಮ ಕೆರೆಗೆ ಎಲ್ಲಿಂದ ನೀರು ಬರಬೇಕು” ಅನ್ನುವವರಿಗೆ ಒಂದೇ ವರ್ಷ ನೆನಪಿಸಿದರೆ ಸಾಕು. 2022. ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1907ರಲ್ಲಿ ಕಟ್ಟಿ ಮುಗಿಸಿದ್ದು. 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ಆಮೇಲೆ ಮೂರು ತಲೆಮಾರು ಅದು ಕೋಡಿ ಬೀಳೋದನ್ನು ಕಾಣಲೇ ಇಲ್ಲ. ಇನ್ನು ತುಂಬೋದಿಲ್ಲ ಅಂತ ಬರೆದಿಟ್ಟವರೇ ಹೆಚ್ಚು. 2022ರ ಸೆಪ್ಟೆಂಬರಿನಲ್ಲಿ, 89 ವರ್ಷದ ಮೇಲೆ, ಕೋಡಿ ಬಿತ್ತು. ಹಿರಿಯೂರು ಬಸ್ಸುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ, ಎಲ್ಲರೂ ನೀರು ನೋಡಲು ಹೊರಟವರೇ. ಹಿನ್ನೀರಿನ ಹೊಸದುರ್ಗದ ಹಳ್ಳಿಗಳಿಗೆ ಅದೇ ನೀರು ಸಂಕಟ ತಂದದ್ದೂ ನಿಜ. 2025ರ ಜನವರಿಯಲ್ಲಿ ಮತ್ತೆ ಕೋಡಿ. ಬಾಗಿನ ಬಿಡಲು ಯಾರು ಮುಂದೆ ನಿಲ್ಲಬೇಕು ಅನ್ನೋದೇ ಒಂದು ಚರ್ಚೆ.

2022ರ ಆ ಸೆಪ್ಟೆಂಬರಿನಲ್ಲೇ ಬೆಂಗಳೂರಿನ ಹೊರವರ್ತುಲ ರಸ್ತೆಯ ಕಡೆ ಕಂಪ್ಯೂಟರ್ ಕೆಲಸದವರನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿ ಕಚೇರಿಗೆ ಸಾಗಿಸಿದರು. ಕೋಟಿ ರೂಪಾಯಿಯ ಮನೆಗಳಲ್ಲಿ ಮೊಣಕಾಲು ನೀರು. ಮಳೆ ಎರಡೂ ಕಡೆ ಬಂತು. ನಮ್ಮ ಕಡೆ ಅದು ಇಳಿಯಲು ಜಾಗವಿತ್ತು, ಅಲ್ಲಿ ಆ ಜಾಗದಲ್ಲಿ ಸೋಫಾ ಇತ್ತು. ಆ ವರ್ಷ ನಮ್ಮ ಕೆರೆಗಳ ಅಂಗಳದಲ್ಲಿ ಕಾಂಪೌಂಡು, ಗ್ಯಾಲರಿ ಎದ್ದಿದ್ದರೆ ಏನಾಗುತ್ತಿತ್ತು ಅಂತ ಅಚ್ಚುಕಟ್ಟಿನ ರೈತರನ್ನು ಕೇಳಿ. ಕೊಳವೆಬಾವಿಗೆ ಮತ್ತೆ ನೀರು ಬಂದದ್ದರಿಂದ ಅಡಿಕೆ, ತೆಂಗು ಉಳಿಸಿಕೊಂಡವರನ್ನು ಕೇಳಿ. ಅವರ ಕೈಯಲ್ಲಿ ದುಡ್ಡು ಓಡಾಡಿದರೆ ತಾನೇ ಐಮಂಗಲದ ಬಟ್ಟೆ ಅಂಗಡಿಗೆ, ಕಿರಾಣಿ ಅಂಗಡಿಗೆ ವ್ಯಾಪಾರ? ಕೆರೆ ರೈತರ ಬಾಬತ್ತು, ನಮಗೇನು ಅನ್ನುವ ಅಂಗಡಿ ಮಾಲೀಕರು ತಮ್ಮ ಕಡದ ಪುಸ್ತಕ ತೆಗೆದು ಬರದ ವರ್ಷದ ಪುಟವನ್ನೂ ತುಂಬಿದ ವರ್ಷದ ಪುಟವನ್ನೂ ಪಕ್ಕಪಕ್ಕ ಇಟ್ಟು ನೋಡಲಿ.

ನಮ್ಮ ದುರ್ಗದ ಹಿರಿಯರಿಗೆ ಈ ಲೆಕ್ಕ ಗೊತ್ತಿತ್ತು. ಕೋಟೆ ಮೇಲೆ ಬಿದ್ದ ಮಳೆ ಒಂದು ಹೊಂಡ ತುಂಬಿ ಇನ್ನೊಂದಕ್ಕೆ ಇಳಿದು, ಕೊನೆಗೆ ಊರೊಳಗಿನ ಸಿಹಿನೀರು ಹೊಂಡಕ್ಕೆ, ಸಂತೆ ಹೊಂಡಕ್ಕೆ ಸೇರುವ ಹಾಗೆ ಕಟ್ಟಿದರು. ಬಂಡೆ ಮೇಲಿನ ಒಂದು ತೊಟ್ಟೂ ದಂಡವಾಗದ ಹಾಗೆ. ಭರಮಣ್ಣ ನಾಯಕ ಕಟ್ಟಿಸಿದ ಭರಮಸಾಗರದ ಕೆರೆ ಇವತ್ತಿಗೂ ಅವನ ಹೆಸರು ಹೇಳುತ್ತಿದೆ. ಓಬವ್ವ ಕಿಂಡಿಯ ಹತ್ತಿರ ಹೋದದ್ದು ಯುದ್ಧ ಮಾಡಲಿಕ್ಕಲ್ಲ, ಗಂಡನಿಗೆ ಕುಡಿಯುವ ನೀರು ತರಲಿಕ್ಕೆ ಅಂತಲ್ಲವೇ ನಾವೆಲ್ಲ ಕೇಳಿ ಬೆಳೆದದ್ದು?

ಅದೇ ಓಬವ್ವನ ಹೆಸರಿನ ಕ್ರೀಡಾಂಗಣ ಜಿಲ್ಲಾ ಕೇಂದ್ರದಲ್ಲಿದೆ. ಒಳ್ಳೆಯದು. ಆದರೆ ಐಮಂಗಲದ ಹುಡುಗ ಸಂಜೆ ಶಾಲೆ ಬಿಟ್ಟು ಬಸ್ಸು ಹಿಡಿದು ದುರ್ಗಕ್ಕೆ ಹೋಗಿ ಒಂದು ಗಂಟೆ ಆಡಿ ಮತ್ತೆ ಬಸ್ಸಿಗೆ ಕಾದು ಮನೆ ಸೇರಬೇಕೇ? ಅವನ ಅಕ್ಕತಂಗಿಯರ ಮಾತು ಬಿಡಿ, ಕತ್ತಲಾದ ಮೇಲೆ ಬಸ್ಸಿನಲ್ಲಿ ಯಾರು ಕಳಿಸುತ್ತಾರೆ? ಐಮಂಗಲದಲ್ಲಿ ಪೊಲೀಸ್ ತರಬೇತಿ ಶಾಲೆ ಇದೆ. ಕವಾಯತಿಗೆ, ಓಟಕ್ಕೆ ಗಟ್ಟಿ ನೆಲ ಬೇಕು ಅನ್ನೋದು ಸರ್ಕಾರಕ್ಕೆ ಗೊತ್ತು ಅಂತಾಯಿತು. ಪೊಲೀಸ್ ಆಗಬೇಕು ಅಂತ ಕನಸು ಕಟ್ಟಿಕೊಂಡು ಹೆದ್ದಾರಿ ಸರ್ವೀಸ್ ರಸ್ತೆಯಲ್ಲಿ ಲಾರಿಗಳ ಪಕ್ಕ ಓಡುವ ಹಳ್ಳಿ ಹುಡುಗರಿಗೂ ಅದೇ ನೆಲ ಬೇಕಲ್ಲವೇ?

ಮೈದಾನ ಬೇಡ ಅಂತ ನಾವು ಬರೆಯುತ್ತಿಲ್ಲ. ಮೈದಾನ ಬೇಕು, ಹೋಬಳಿಗೊಂದು ಬೇಕು, ಗೇಟಿಗೆ ಬೀಗವಿಲ್ಲದ್ದು ಬೇಕು. ಅದು ಗಟ್ಟಿ ನೆಲದ ಮೇಲೆ, ಗಟ್ಟಿ ದಾಖಲೆಯ ಮೇಲೆ ಬೇಕು. ಗೋಮಾಳ ಎಲ್ಲಿ ಹೋಯಿತು? ಯಾರ ಹೆಸರಿಗೆ ಆಯಿತು? ಶಾಲೆಗೆ ಅಂತ ಹಿರಿಯರು ದಾನ ಕೊಟ್ಟ ಜಾಗಕ್ಕೆ ಖಾತೆ ಆಗಿದೆಯೇ, ಇನ್ನೂ ದಾನ ಕೊಟ್ಟವರ ಮೊಮ್ಮಕ್ಕಳ ಹೆಸರಿನಲ್ಲೇ ಪಹಣಿ ಬರುತ್ತಿದೆಯೇ? ಶಾಲೆಗೆ ಆಟದ ಮೈದಾನ ಇರಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಉದ್ಯಾನ, ಆಟದ ಬಯಲು ಕಾಪಾಡಬೇಕು ಅಂತ ನಮ್ಮ ರಾಜ್ಯದ್ದೇ 1985ರ ಕಾಯ್ದೆ ಇದೆ. ಕೆರೆ ಕಾಪಾಡಲು 2014ರದ್ದು ಬೇರೆ ಇದೆ. ಕೆರೆಕುಂಟೆ ಸಮುದಾಯದ ಸ್ವತ್ತು, ಅದನ್ನು ಹಂಚಿ ತಿನ್ನುವಂತಿಲ್ಲ ಅಂತ ಸುಪ್ರೀಂ ಕೋರ್ಟು 2001ರಲ್ಲೇ ಹೇಳಿದೆ. ಕಾಗದಕ್ಕೆ ನಮ್ಮಲ್ಲಿ ಬರ ಬಂದಿಲ್ಲ.

ತಾಲ್ಲೂಕು ಕಚೇರಿಯ ಸಾಹೇಬರಿಗೆ ಒಂದು ಮಾತು. ಮೈದಾನಕ್ಕೆ ಅರ್ಜಿ ಬಂದಾಗ ನಕ್ಷೆಯಲ್ಲಿ ನೀಲಿ ಬಣ್ಣ ಬಳಿದ ಜಾಗದ ಮೇಲೆ ಮೊದಲು ಬೆರಳಿಡಬೇಡಿ. ಅದು ಸುಲಭ, ಯಾರೂ ಜಗಳಕ್ಕೆ ಬರೋದಿಲ್ಲ, ಪರಿಹಾರ ಕೊಡಬೇಕಾಗಿಲ್ಲ, ಒತ್ತುವರಿ ಬಿಡಿಸಬೇಕಾಗಿಲ್ಲ. ಸುಲಭ ಅನ್ನುವ ಕಾರಣಕ್ಕೇ ಬೆಂಗಳೂರಿನಲ್ಲಿ ಅದೇ ಬೆರಳು ಅಷ್ಟು ಕೆರೆಗಳ ಮೇಲೆ ಓಡಾಡಿದ್ದು. ಗೋಮಾಳದ ಒತ್ತುವರಿ ಬಿಡಿಸೋದು ಕಷ್ಟ, ಪುಢಾರಿಗಳ ಫೋನು ಬರುತ್ತದೆ. ಆ ಕಷ್ಟಕ್ಕೇ ಅಲ್ಲವೇ ಸಂಬಳ?

ಊರಿನವರಿಗೂ ಒಂದು ಕೆಲಸ ಇದೆ. ಗ್ರಾಮಸಭೆಯ ನೋಟೀಸು ಪಂಚಾಯ್ತಿ ಗೋಡೆಗೆ ಅಂಟಿಸಿದ ದಿನ ಅದನ್ನು ಓದುವವರು ಪಕ್ಕದ ಬೀಡಾ ಅಂಗಡಿಯವನೊಬ್ಬನೇ ಆಗಬಾರದು. ಅಂಗಡಿಯವರು ಒಂದು ಗಂಟೆ ಷಟರ್ ಇಳಿಸಿ ಹೋಗಲಿ, ಬಸ್ಸಿಗೆ ಕಾಯುವವರು ಒಂದು ಬಸ್ಸು ಬಿಟ್ಟು ಹೋಗಲಿ. ಹೋಗಿ ಎರಡು ಕಾಗದ ಕೇಳಲಿ. ಒಂದು, ಶಾಲೆ ಮೈದಾನದ ಪಹಣಿ ನಕಲು, ಯಾರ ಹೆಸರಿನಲ್ಲಿದೆ ನೋಡಲಿಕ್ಕೆ. ಇನ್ನೊಂದು, ಕೆರೆಯ ಸರ್ವೆ ನಕ್ಷೆ, ಏರಿಯಿಂದ ಹಿಡಿದು ನೀರು ಬರುವ ಹಳ್ಳದವರೆಗೆ ಪೂರ್ತಿ. ನಕ್ಷೆ ಕೈಗೆ ಬಂದ ಮೇಲೆ ಹಳ್ಳದ ಗುಂಟ ಒಂದು ಭಾನುವಾರ ನಡೆದು ಬರಲಿ. ಸಂಪಂಗಿಯನ್ನು ಮೊದಲು ಕೊಂದದ್ದು ಅಲ್ಲೇ.